ಗೆರೆ ಕೂತ ಮಾತ್ರಕ್ಕೆ ಮಾದರಿ ಸರಿಯೇ?

ಪ್ರಶ್ನೆ: ಹಣ್ಣುನೊಣದ ಭ್ರೂಣದಲ್ಲಿ ತಲೆ-ಬಾಲದ ದಿಕ್ಕು ಗೊತ್ತುಮಾಡುವ ಬೈಕಾಯ್ಡ್ ಪ್ರೋಟೀನ್ ಹೇಗೆ ಹರಡುತ್ತದೆ ಎನ್ನುವುದಕ್ಕೆ ಸಮೀಕರಣ ಬರೆದಿದ್ದೇನೆ. ಪ್ರಕಟವಾದ ಅಳತೆಗಳ ಮೇಲೆ ನನ್ನ ಗೆರೆ ಕರಾರುವಾಕ್ಕಾಗಿ ಕೂರುತ್ತದೆ. ಮಾದರಿ ಸಾಬೀತಾದಂತೆಯೇ ಅಲ್ಲವೇ?

ಉತ್ತರ: ಅಲ್ಲ. ಇದೇ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ಈ ಸಲ ಲೆಕ್ಕವನ್ನೇ ಬಿಡಿಸಿಡುತ್ತೇನೆ, ಮತ್ತೆ ಕೇಳಬೇಡಿ.

ಭ್ರೂಣದ ಉದ್ದ ಸುಮಾರು 500 ಮೈಕ್ರೊಮೀಟರ್. ಬೈಕಾಯ್ಡ್ ತಲೆಯ ತುದಿಯಲ್ಲಿ ತಯಾರಾಗುತ್ತದೆ, ಬಾಲದತ್ತ ಹರಡುತ್ತದೆ, ಹರಡುತ್ತಲೇ ನಾಶವೂ ಆಗುತ್ತದೆ. ಅದರ ಇಳಿತದ ಅಳತೆಗೋಲು, ಅಂದರೆ ಪ್ರಮಾಣ ಮೂರರಲ್ಲೊಂದರ ಹತ್ತಿರಕ್ಕೆ ಇಳಿಯುವ ದೂರ, ಸರಿಸುಮಾರು 100 ಮೈಕ್ರೊಮೀಟರ್. ಸ್ಥಿರಸ್ಥಿತಿ, ಅಂದರೆ ಹಂಚಿಕೆ ಇನ್ನು ಬದಲಾಗುವುದಿಲ್ಲ ಎಂದು ಹಿಡಿದು ನೀವು ಸಮೀಕರಣ ಬಿಡಿಸಿದ್ದೀರಿ. ಹಾಗಾದರೆ ಈ 100 ಎಂಬುದು ಹರಡುವ ಗುಣಾಂಕ (ಎಷ್ಟು ಬೇಗ ಹರಡುತ್ತದೆ ಎನ್ನುವ ಸಂಖ್ಯೆ) ಮತ್ತು ಪ್ರೋಟೀನಿನ ಜೀವಿತಾವಧಿ, ಇವೆರಡರ ಗುಣಲಬ್ಧದ ವರ್ಗಮೂಲ. ನಿಮ್ಮ ಗೆರೆಗೆ ಗೊತ್ತಿರುವುದು ಆ ಗುಣಲಬ್ಧ ಮಾತ್ರ. ಬಿಡಿಬಿಡಿಯಾಗಿ ಎರಡೂ ಗೊತ್ತಿಲ್ಲ.

ಗುಣಾಂಕವನ್ನು 2007ರಲ್ಲಿ ಅಳೆದಾಗ ಸೆಕೆಂಡಿಗೆ ಸುಮಾರು 0.3 ಚದರ ಮೈಕ್ರೊಮೀಟರ್ ಸಿಕ್ಕಿತು. 2010ರಲ್ಲಿ ಬೇರೆ ವಿಧಾನದಿಂದ ಅಳೆದರು, ಸುಮಾರು 7 ಬಂತು. 100ರ ವರ್ಗ 10,000ವನ್ನು 0.3ರಿಂದ ಭಾಗಿಸಿ ನೋಡಿ: ಜೀವಿತಾವಧಿ 33,000 ಸೆಕೆಂಡಿಗೂ ಹೆಚ್ಚು, ಅಂದರೆ ಒಂಬತ್ತು ಗಂಟೆ ದಾಟುತ್ತದೆ. ನೊಣಕ್ಕೆ ಅಷ್ಟು ಪುರುಸೊತ್ತೆಲ್ಲಿದೆ? ಮೊಟ್ಟೆ ಇಟ್ಟ ಸುಮಾರು ಮೂರು ಗಂಟೆಯೊಳಗೆ ಭ್ರೂಣದಲ್ಲಿ ಜೀನ್‌ಗಳು ಹಚ್ಚಿಕೊಳ್ಳುವ ಏಳು ಪಟ್ಟೆಗಳೂ ಮೂಡಿರುತ್ತವೆ. ನೀವು ಹಿಡಿದ ಸ್ಥಿರಸ್ಥಿತಿಗೆ ತಲುಪುವ ಮೊದಲೇ ಕೆಲಸ ಮುಗಿದಿರುತ್ತದೆ. ಈಗ 7ರಿಂದ ಭಾಗಿಸಿ: ಇಪ್ಪತ್ತನಾಲ್ಕು ನಿಮಿಷ. ಎರಡಕ್ಕೂ ನಿಮ್ಮ ಗೆರೆ ಒಂದೇ, ಕೂದಲೆಳೆಯಷ್ಟೂ ಕದಲುವುದಿಲ್ಲ.

ನಾನೂ ಇದೇ ಹಳ್ಳಕ್ಕೆ ಬಿದ್ದವನೇ. ವಿದ್ಯಾರ್ಥಿಯಾಗಿದ್ದಾಗ ಮೂವತ್ತಕ್ಕೂ ಹೆಚ್ಚು ನಿಯತಾಂಕಗಳ (ನಾವೇ ಹೊಂದಿಸುವ ಸಂಖ್ಯೆಗಳ) ಮಾದರಿ ಕಟ್ಟಿ ಮೆರೆಯುತ್ತಿದ್ದೆ. ಒಂದು ದಿನ ಟೈಪಿಂಗ್ ತಪ್ಪಿನಿಂದ ಒಂದು ನಿಯತಾಂಕ ಹತ್ತು ಪಟ್ಟಾಯಿತು. ಚಿತ್ರ ಹಾಗೇ ಇತ್ತು! ಅಂದಿನಿಂದ ಚಂದದ ಗೆರೆ ಕಂಡರೆ ನನಗೆ ಗುಮಾನಿ.

ಹೊಂದಿಸುವಾಗ ಬಳಸದ ಪ್ರಯೋಗವೊಂದನ್ನು ಹಿಡಿಯಿರಿ. ತಾಯಿನೊಣದಲ್ಲಿ ಬೈಕಾಯ್ಡ್ ಜೀನಿನ ಪ್ರತಿಗಳನ್ನು ಇಮ್ಮಡಿಸಿದರೆ, ನಿಮ್ಮ ಸಮೀಕರಣದ ಪ್ರಕಾರ ಬೈಕಾಯ್ಡ್ ಹಚ್ಚುವ ಹಂಚ್‌ಬ್ಯಾಕ್ ಜೀನಿನ ಗಡಿ ಸುಮಾರು 69 ಮೈಕ್ರೊಮೀಟರ್ ಬಾಲದತ್ತ ಸರಿಯಬೇಕು. ಭ್ರೂಣದಲ್ಲಿ ಸರಿಯುವುದು ಅದಕ್ಕಿಂತ ಕಡಿಮೆ. ಯಾಕೆ? ಅದನ್ನು ಬರೆದು ಕಳಿಸಿ, ಓದುತ್ತೇನೆ.

ಪ್ರಶ್ನೆ: ರಾಸಾಯನಿಕಗಳು ಹರಡುತ್ತಾ ಒಂದರೊಡನೊಂದು ವರ್ತಿಸಿದರೆ ಪಟ್ಟೆಗಳು ತಾವೇ ಮೂಡಬಲ್ಲವು ಎಂದು ಗಣಿತಜ್ಞ ಟ್ಯೂರಿಂಗ್ 1952ರಲ್ಲಿ ಕೊಟ್ಟ ಸಿದ್ಧಾಂತವೇ ನೊಣದ ಏಳು ಪಟ್ಟೆಗಳಿಗೂ ಸಾಕಲ್ಲವೇ?

ಉತ್ತರ: ಸಾಲದು. ಏಳು ಪಟ್ಟೆಗಳಲ್ಲಿ ಕಾಣುವ ಈವನ್-ಸ್ಕಿಪ್ಡ್ ಜೀನನ್ನೇ ನೋಡಿ: ಅದರ ಎರಡನೇ ಪಟ್ಟೆಗೆ ಡಿಎನ್‌ಎಯಲ್ಲಿ ಅದರದೇ ಸ್ವಿಚ್ ಇದೆ. ಬೈಕಾಯ್ಡ್, ಹಂಚ್‌ಬ್ಯಾಕ್ ಸೇರಿ ಅದನ್ನು ಹಚ್ಚುತ್ತವೆ. ತಲೆಯ ಕಡೆಯಿಂದ ಜೈಂಟ್, ಬಾಲದ ಕಡೆಯಿಂದ ಕ್ರುಪ್ಪೆಲ್ ಎಂಬ ಪ್ರೋಟೀನುಗಳು ತಡೆಯುತ್ತವೆ. ಗಣಿತ ಚಂದವಿದೆ ಅಂತ ನೊಣ ಅದರಂತೆ ನಡೆಯಬೇಕಿಲ್ಲ.

ಪ್ರಶ್ನೆ: ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ನಿಮಗೆ ಬರುವಂಥದ್ದು.

ಪ್ರಶ್ನೆ: ಎಂಜಲು ಪರೀಕ್ಷೆ ಮಾಡಿ, ಜೀನ್‌ಗಳ ಗಣಿತ ಮಾದರಿಯಿಂದ ಮಗುವಿನ ಪ್ರತಿಭೆ ಹೇಳುತ್ತೇವೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಸುಮಾರು ಆರು ಸಾವಿರ ಕೋಶಕೇಂದ್ರಗಳ ಭ್ರೂಣದಲ್ಲಿ ಒಂದೇ ಒಂದು ಪ್ರೋಟೀನ್ ಎಷ್ಟು ಬೇಗ ಹರಡುತ್ತದೆ ಎನ್ನುವುದಕ್ಕೇ ನಾವು ವರ್ಷಗಟ್ಟಲೆ ಕಿತ್ತಾಡಿದ್ದೇವೆ. ಇವರು ಎಂಜಲಿನಲ್ಲಿ ಸಂಗೀತ ಕಂಡುಹಿಡಿಯುತ್ತಾರಂತೆ. ಒಂದು ಕಾಸೂ ಕೊಡಬೇಡಿ.