ಒಂದು ದೊಡ್ಡ ಆಸ್ಪತ್ರೆ, ಆರು ಸಣ್ಣವು: ಜೈವಿಕ ದಾಳಿಗೆ, ಸಾಮೂಹಿಕ ಅವಘಡಕ್ಕೆ ಯೋಜನೆ ಎಲ್ಲಿಂದ ಶುರು ಮಾಡಬೇಕು?

ಏಳು ಆಸ್ಪತ್ರೆಗಳ ಹಾಸಿಗೆಗಳನ್ನು ಕೂಡಿಸಿ ಇಷ್ಟು ಸಾಕೇ ಎಂದು ಕೇಳಿದ್ದೀರಿ. ಹಾಸಿಗೆಯ ಮಾತು ಕೊನೆಗೆ. ಯೋಜನೆ ಕೆಡುವುದು ಬಾಗಿಲಲ್ಲೇ. ಗಂಟೆಗೆ ಎಷ್ಟು ಜನರನ್ನು ಪರೀಕ್ಷಿಸಿ ಮುಂದಕ್ಕೆ ಕಳಿಸಬಲ್ಲಿರಿ ಎನ್ನುವುದನ್ನು ಮೊದಲು ಎಣಿಸಿ.

ಸ್ಫೋಟವೋ ವಿಷಾನಿಲವೋ ಆದರೆ ಮೊದಲ ಕೆಲವು ಗಂಟೆಗಳಲ್ಲೇ ಎಲ್ಲ ತೀರ್ಮಾನವಾಗುತ್ತದೆ. 1995ರಲ್ಲಿ ಟೋಕಿಯೊ ಸುರಂಗ ರೈಲಿನಲ್ಲಿ ನರಗಳಿಗೆ ಹೊಡೆಯುವ ಸರಿನ್ ಎಂಬ ವಿಷ ಬಿಟ್ಟಾಗ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಆ ದಿನ 640 ಜನ ಬಂದರು. ಬಹುಪಾಲು ಜನ ಆಂಬುಲೆನ್ಸ್‌ಗೆ ಕಾಯಲಿಲ್ಲ. ನಡೆದು, ಟ್ಯಾಕ್ಸಿ ಹಿಡಿದು, ಸಿಕ್ಕ ವಾಹನ ಹತ್ತಿ ಬಂದರು. ಹಾಗಾಗಿ ಗಾಯಾಳುಗಳನ್ನು ಏಳೂ ಕಡೆ ಸಮನಾಗಿ ಹಂಚುತ್ತೇವೆ ಎನ್ನುವ ಯೋಜನೆ ಕಾಗದದಲ್ಲಷ್ಟೇ ನಡೆಯುತ್ತದೆ. ಘಟನೆಗೆ ಹತ್ತಿರದ ಆಸ್ಪತ್ರೆ ಮುಳುಗುತ್ತದೆ ಎಂದೇ ಹಿಡಿದು, ಅಲ್ಲಿಂದ ಉಳಿದ ಆರಕ್ಕೆ ಸಾಗಿಸುವ ವ್ಯವಸ್ಥೆ ಮಾಡಿ. ಅಂದು ರೋಗಿಗಳ ಬಟ್ಟೆಯಿಂದ ಹೊಮ್ಮಿದ ಆವಿಗೆ ಸಿಬ್ಬಂದಿಯೂ ಅಸ್ವಸ್ಥರಾದರು. ಬಟ್ಟೆ ಬಿಚ್ಚಿಸಿ ಮೈ ತೊಳೆಸುವ ಜಾಗ ಗೇಟಿನ ಹೊರಗೇ ಇರಲಿ, ಹೆಂಗಸರಿಗೆ ಬೇರೆ ಮರೆ ಇರಲಿ. ಮರೆಯಿಲ್ಲದಿದ್ದರೆ ಸಾಲು ಅಲ್ಲೇ ನಿಂತುಬಿಡುತ್ತದೆ.

ವಿಂಗಡಣೆಗೆ, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ತೀರ್ಮಾನಿಸಲು, ಸ್ಟಾರ್ಟ್ ಎಂಬ ವಿಧಾನ ಸಾಕು. ಕೆಂಪು ಎಂದರೆ ತಕ್ಷಣ ಚಿಕಿತ್ಸೆ, ಹಳದಿ ಸ್ವಲ್ಪ ತಡೆಯಬಹುದು, ಹಸಿರು ಕೊನೆಗೆ, ಕಪ್ಪು ಎಂದರೆ ಉಳಿಯುವ ಆಸೆಯಿಲ್ಲ. ನಡೆಯಬಲ್ಲವರು ಹಸಿರು. ಉಸಿರಿಲ್ಲದಿದ್ದರೆ ಶ್ವಾಸಮಾರ್ಗ ತೆರೆದು ನೋಡಿ: ಬಂದರೆ ಕೆಂಪು, ಬರದಿದ್ದರೆ ಕಪ್ಪು. ಉಸಿರು ನಿಮಿಷಕ್ಕೆ 30 ಮೀರಿದರೆ, ಉಗುರು ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಬಣ್ಣ ಮರಳದಿದ್ದರೆ, ಇಲ್ಲವೇ ಹೇಳಿದ್ದನ್ನು ಮಾಡಲಾಗದಿದ್ದರೆ ಕೆಂಪು, ಉಳಿದವರು ಹಳದಿ. ಚಳಿಯಲ್ಲಿ ಉಗುರಿನ ಪರೀಕ್ಷೆ ಮೋಸ ಮಾಡುತ್ತದೆ, ಮಣಿಕಟ್ಟಿನ ನಾಡಿ ಹಿಡಿದು ನೋಡಿ. ಹಸಿರು ಗುಂಪನ್ನು ಮರೆಯುವುದೇ ಸಾಮಾನ್ಯ ತಪ್ಪು. ಸ್ಫೋಟದಲ್ಲಿ ಶ್ವಾಸಕೋಶಕ್ಕೆ ಬಿದ್ದ ಪೆಟ್ಟು ತಡವಾಗಿ ಕಾಣಿಸಿಕೊಳ್ಳಬಹುದು.

ಜೈವಿಕ ದಾಳಿಗೆ ಸೈರನ್ ಇಲ್ಲ. 1984ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಹೋಟೆಲುಗಳ ಸಲಾಡ್‌ಗೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆರೆಸಿದ್ದರಿಂದ 751 ಜನ ಕಾಯಿಲೆ ಬಿದ್ದರು. ಅದು ಬೇಕೆಂದೇ ಮಾಡಿದ್ದು ಎಂದು ಗೊತ್ತಾಗಲು ಸುಮಾರು ಒಂದು ವರ್ಷ ಹಿಡಿಯಿತು. ಆದ್ದರಿಂದ ದಾಳಿ ಹೌದೋ ಅಲ್ಲವೋ ಎಂಬ ಉತ್ತರಕ್ಕೆ ಆರೋಗ್ಯ ಇಲಾಖೆ ಕಾಯಕೂಡದು. ಒಂದೇ ವಾರದಲ್ಲಿ ಎರಡು ಆಸ್ಪತ್ರೆಗಳಲ್ಲಿ ಆರೋಗ್ಯವಂತ ಯುವಕರಿಗೆ ತೀವ್ರ ನ್ಯುಮೋನಿಯಾ ಕಂಡರೆ ಯಾರು ಯಾರಿಗೆ ಫೋನ್ ಮಾಡಬೇಕು ಎನ್ನುವುದು ಮೊದಲೇ ಬರೆದಿರಲಿ.

ಔಷಧಿ ಹಂಚಿಕೆಯ ಲೆಕ್ಕ ನೋಡಿ. ಆಂಥ್ರಾಕ್ಸ್ ಎಂಬ ಮಾರಕ ರೋಗದ ಬ್ಯಾಕ್ಟೀರಿಯಾ ಇರುವ ಗಾಳಿಗೆ ಒಡ್ಡಿಕೊಂಡ ವಯಸ್ಕರಿಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ 100 ಮಿಲಿಗ್ರಾಂ, ದಿನಕ್ಕೆ ಎರಡು, 60 ದಿನ. ಅಂದರೆ ತಲೆಗೆ 120 ಮಾತ್ರೆ. 1 ಲಕ್ಷ ಜನಕ್ಕೆ 1.2 ಕೋಟಿ. ಮೊದಲ 10 ದಿನದ 20 ಲಕ್ಷ ಮಾತ್ರೆಯನ್ನು 48 ಗಂಟೆಯಲ್ಲಿ ಕೈಗೆ ಮುಟ್ಟಿಸಬೇಕು ಎನ್ನಿ. ಒಬ್ಬರಿಗೆ 3 ನಿಮಿಷ ಹಿಡಿದರೆ ಒಂದು ಮೇಜಿನಲ್ಲಿ ಗಂಟೆಗೆ 20 ಜನ. ಹಗಲು ರಾತ್ರಿ ಎನ್ನದೆ 105 ಮೇಜು ಬೇಕು. ನಾಲ್ವರ ಮನೆಗೆ ಒಬ್ಬರೇ ಬಂದು ಒಯ್ಯಲಿ ಎಂದರೆ, 5 ನಿಮಿಷ ಹಿಡಿದರೂ 44 ಮೇಜು ಸಾಕು. ಈ ಒಂದು ನಿಯಮ ಹೊಸ ಕಟ್ಟಡಕ್ಕಿಂತ ಹೆಚ್ಚು ಜೀವ ಉಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಡೋಸ್ ತೂಕದ ಮೇಲೆ. ತೂಕದ ಯಂತ್ರ ಮರೆತರೆ ಇಡೀ ಸಾಲು ನಿಲ್ಲುತ್ತದೆ.

ಆಂಥ್ರಾಕ್ಸ್ ಮನುಷ್ಯರಿಂದ ಮನುಷ್ಯರಿಗೆ ಉಸಿರಿನ ಮೂಲಕ ಹರಡುವುದಿಲ್ಲ, ಶ್ವಾಸಕೋಶದ ಪ್ಲೇಗ್ ಹರಡುತ್ತದೆ. ಪ್ರತ್ಯೇಕ ಕೋಣೆಗಳನ್ನು ಪ್ಲೇಗ್, ಸಿಡುಬಿನಂಥವಕ್ಕೆ ಉಳಿಸಿಕೊಳ್ಳಿ.

ಆಮ್ಲಜನಕ: ನಿಮಿಷಕ್ಕೆ 10 ಲೀಟರ್‌ನಂತೆ 20 ರೋಗಿಗಳಿಗೆ ದಿನಕ್ಕೆ 2,88,000 ಲೀಟರ್, ಅಂದರೆ 7,000 ಲೀಟರಿನ 42 ಸಿಲಿಂಡರ್. ಸಿಲಿಂಡರ್ ಇದ್ದು ರೆಗ್ಯುಲೇಟರ್ ಇಲ್ಲದಿದ್ದರೆ ಅದು ಬರಿ ಕಬ್ಬಿಣ.

ಕೊನೆಗೆ ಏಳೂ ಆಸ್ಪತ್ರೆಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ಒಬ್ಬರೇ ನರ್ಸ್ ಎರಡು ಪಟ್ಟಿಯಲ್ಲಿರುತ್ತಾರೆ, ಒಂದೇ ಆಂಬುಲೆನ್ಸ್ ಮೂರು ಕಡೆ, ಸಿಲಿಂಡರ್ ತುಂಬಿಸುವವರು ಎಲ್ಲರಿಗೂ ಒಬ್ಬರೇ. ಅಣಕು ಕಾರ್ಯಾಚರಣೆಯನ್ನು ಮುಂಚೆ ಹೇಳದೆ ರಾತ್ರಿ 2 ಗಂಟೆಗೆ ಮಾಡಿ, ಪಟ್ಟಿಯಲ್ಲಿರುವ ಎಷ್ಟು ಫೋನ್‌ಗಳನ್ನು ನಿಜಕ್ಕೂ ಎತ್ತುತ್ತಾರೆ ಎಂದು ಬರೆದಿಟ್ಟುಕೊಳ್ಳಿ.