ಅಖಾಲ್-ಟೆಕೆ ಹೊಳಪು ನಿಜವೇ

ಫೋಟೋದಲ್ಲಿ ಚಿನ್ನದ ಬಣ್ಣದಲ್ಲಿ ಹೊಳೆಯುವ ಅಖಾಲ್-ಟೆಕೆ ಎಂಬ ತಳಿಯ ಕುದುರೆಗೆ ಎಣ್ಣೆ ಹಚ್ಚಿದ್ದಾರಾ ಅಂತ ಕೇಳಿದ್ದೀರಿ. ಇಲ್ಲ, ಹೊಳಪು ಅದರದ್ದೇ. ಈ ತಳಿಯ ಕೂದಲಿನ ಒಳಗಿನ ಮಸುಕು ತಿರುಳು ತುಂಬ ತೆಳು, ಕೆಲವು ಕಡೆ ಇರುವುದೇ ಇಲ್ಲ. ಪಾರದರ್ಶಕ ಭಾಗವೇ ಜಾಸ್ತಿ. ಹಾಗಾಗಿ ಬಿಸಿಲು ಬಿದ್ದರೆ ಲೋಹದ ಹಾಗೆ ಮಿಂಚುತ್ತದೆ. 1956ರಲ್ಲಿ ಸೋವಿಯತ್ ಸರ್ಕಾರ ಮೆಲೆಕುಶ್ ಎಂಬ ಗಂಡು ಕುದುರೆಯನ್ನು ಬ್ರಿಟನ್ ರಾಣಿಗೆ ಉಡುಗೊರೆ ಕೊಟ್ಟಾಗ, ಅಲ್ಲಿಯ ಲಾಯದವರು ಬಣ್ಣ ಬಳಿದಿದ್ದಾರೆಂದು ಉಜ್ಜಿ ತೊಳೆದರಂತೆ! ಕಥೆ ಎಷ್ಟು ನಿಜವೋ, ನಿಮ್ಮ ಅನುಮಾನ ಮಾತ್ರ ಹೊಸದಲ್ಲ.

ಇದರ ಊರು ಮಧ್ಯ ಏಷ್ಯಾದ ತುರ್ಕಮೆನಿಸ್ತಾನ. ಕಾರಾಕುಮ್ ಮರುಭೂಮಿಯ ಅಂಚಿನ ಅಖಾಲ್ ಓಯಸಿಸ್‌ನಲ್ಲಿ (ಮರುಭೂಮಿಯಲ್ಲಿ ನೀರಿರುವ ಜಾಗ) ಟೆಕೆ ಬುಡಕಟ್ಟಿನವರು ಸಾಕಿದ್ದು. ಅಲ್ಲಿ ಹುಲ್ಲುಗಾವಲು ಕಡಿಮೆ. ಕುದುರೆಯನ್ನು ಮನೆ ಹತ್ತಿರವೇ ಕಟ್ಟಿ, ಉಣ್ಣೆಯ ದಪ್ಪ ಕಂಬಳಿ ಹೊದಿಸಿ, ಬಾರ್ಲಿ, ಕುರಿಕೊಬ್ಬು ತಿನ್ನಿಸುತ್ತಿದ್ದರು. ಮೈ ಸಣಕಲು, ಚರ್ಮ ತೆಳು, ಆದರೆ ಗಟ್ಟಿಮುಟ್ಟು. 1935ರಲ್ಲಿ ತುರ್ಕಮೆನ್ ಸವಾರರು ಈ ತಳಿಯನ್ನೂ ಯೊಮುದ್ ತಳಿಯನ್ನೂ ಏರಿ ತಮ್ಮ ರಾಜಧಾನಿ ಅಶ್ಗಾಬಾತ್‌ನಿಂದ ಮಾಸ್ಕೋಗೆ 84 ದಿನದಲ್ಲಿ ಹೋದರು. 4,000 ಕಿ.ಮೀ.ಗೂ ಹೆಚ್ಚು, ಮಧ್ಯೆ ಮರುಭೂಮಿ ಬೇರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ (ಸವಾರನ ಸೂಚನೆಯಂತೆ ಕುದುರೆ ಹೆಜ್ಜೆ ಹಾಕುವ ಸ್ಪರ್ಧೆ) ಚಿನ್ನ ಗೆದ್ದ ಅಬ್ಸೆಂಟ್ ಎಂಬ ಕುದುರೆ ಕೂಡ ಇದೇ ತಳಿ. ಅವನು ಕಪ್ಪು, ಎಲ್ಲವೂ ಚಿನ್ನದ ಬಣ್ಣವಲ್ಲ.

ಈ ತಳಿ ಅಪರೂಪ. ಯಾಕೆ ಅಂದರೆ, ಸೋವಿಯತ್ ಕಾಲದಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಕುದುರೆಗಳು ಮಾಂಸಕ್ಕೆ ಹೋದವು. ಉಳಿದವು ಕಡಿಮೆ, ಹಾಗಾಗಿ ತಳಿಯ ವಂಶ ಚಿಕ್ಕದು. ಮರಿಗಳು ಕೂದಲಿಲ್ಲದೆ ಹುಟ್ಟಿ ಬೇಗ ಸಾಯುವ ಒಂದು ಆನುವಂಶಿಕ ಕಾಯಿಲೆಯೂ ಇದರಲ್ಲಿದೆ. ಅದಕ್ಕೆ ಪರೀಕ್ಷೆ ಇದೆ, ತಳಿ ಬೆಳೆಸುವವರು ಜೋಡಿ ಮಾಡುವ ಮುಂಚೆ ಮಾಡಿಸಬೇಕು.