ಪ್ರತಿ: ತಟ್ಟೆಯಲ್ಲಿ ವಲಯ ಕೊಡುವ ಸಾರ ಬಯೋಫಿಲ್ಮ್ ಮುಂದೆ ಸೋಲುವುದೇಕೆ?

ನಿಮ್ಮ ಸ್ಟ್ರೆಪ್ಟೊಮೈಸಿಸ್ (ಮಣ್ಣಿನ ಬ್ಯಾಕ್ಟೀರಿಯಾ) ಸಾರ ತಟ್ಟೆಯಲ್ಲಿ ವಲಯ, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ತೆರವು ಜಾಗ, ಕೊಟ್ಟರೂ ಬಯೋಫಿಲ್ಮ್ (ಮೇಲ್ಮೈಗೆ ಅಂಟಿ ಬೆಳೆದ ಬ್ಯಾಕ್ಟೀರಿಯಾ ಪದರ) ಮುಂದೆ ಸೋಲುವುದೇಕೆ ಎಂದು ಕೇಳಿದ್ದೀರಿ. ಅದು ಬಹುಶಃ ಬೆಳೆಯುತ್ತಿರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಕೋಶಗಳನ್ನಷ್ಟೇ ತಡೆಯುತ್ತಿದೆ. ಬಯೋಫಿಲ್ಮ್‌ನೊಳಗೆ ಬೆಳವಣಿಗೆ ನಿಲ್ಲಿಸಿ ಮಲಗಿರುವ, ಔಷಧಕ್ಕೆ ಸಾಯದೆ ಉಳಿಯುವ ಪರ್ಸಿಸ್ಟರ್ ಕೋಶಗಳಿಗೆ ಅದು ನಾಟುತ್ತಿಲ್ಲ. ಸಾರ ಬಯೋಫಿಲ್ಮ್ ಒಳಕ್ಕೆ ಇಳಿಯದೆಯೂ ಇರಬಹುದು, ಎರಡರಲ್ಲಿ ಯಾವುದೆಂದು ಈಗಿನ ಫಲಿತಾಂಶದಿಂದ ಹೇಳಲಾಗದು.

ಮೊದಲು ಸಾರವಿಲ್ಲದೆ ಬರೀ ದ್ರಾವಕವನ್ನು ತಟ್ಟೆಗೆ ಹಾಕಿ ನೋಡಿ. ದ್ರಾವಕ ಮೆಥನಾಲ್ ಆಗಿದ್ದು ಪೂರ್ತಿ ಆರದಿದ್ದರೂ ವಲಯ ಬರಬಹುದು. ಆಮೇಲೆ ರಾತ್ರಿಯಿಡೀ ಬೆಳೆದು ನಿಂತ ಕಲ್ಚರನ್ನು (ಬೆಳೆಸಿದ ಬ್ಯಾಕ್ಟೀರಿಯಾ) ತೊಳೆದು, ಪೋಷಕಾಂಶವಿಲ್ಲದ ಬಫರ್‌ನಲ್ಲಿಟ್ಟು, ಎಂಐಸಿಯ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಸಾಂದ್ರತೆ) 10 ಪಟ್ಟು ಸಾರ ಸೇರಿಸಿ. ಸಾರವಿಲ್ಲದ ಟ್ಯೂಬ್ ಒಂದು ಪಕ್ಕದಲ್ಲಿರಲಿ. 0, 4, 24 ಗಂಟೆಗೆ ಮಾದರಿ ತೆಗೆದು, ಎರಡು ಸಲ ತೊಳೆದೇ ತಟ್ಟೆಗೆ ಹರಡಿ. ಇಲ್ಲಿ ಅವಸರ ಬೇಡ: ಅಂಟಿಕೊಂಡ ಸಾರ ತಟ್ಟೆಯಲ್ಲೂ ಬೆಳವಣಿಗೆ ತಡೆದರೆ ಬದುಕಿರುವ ಕೋಶವೂ ಸತ್ತಂತೆ ಕಾಣುತ್ತದೆ.

ಸಾರವಿಲ್ಲದ ಟ್ಯೂಬಿಗೆ ಹೋಲಿಸಿದಾಗ ಬದುಕಿರುವ ಕೋಶಗಳ ಎಣಿಕೆ ಸಾವಿರ ಪಟ್ಟು ಇಳಿದರೆ, ಸಾರ ಬೆಳವಣಿಗೆ ನಿಂತ ಕೋಶಗಳನ್ನೂ ಕೊಲ್ಲುತ್ತದೆ; ಆಗ ತೊಡಕು ಬಯೋಫಿಲ್ಮ್ ಒಳಕ್ಕೆ ಇಳಿಯುವುದರಲ್ಲಿರುವ ಸಾಧ್ಯತೆ ಹೆಚ್ಚು. ಇಳಿಯದಿದ್ದರೆ, ಉಳಿದ ಸಾರಗಳ ಸ್ಕ್ರೀನಿಂಗನ್ನು (ಯಾವುದು ಕೆಲಸ ಮಾಡುತ್ತದೆಂಬ ಪರೀಕ್ಷೆ) ಬೆಳವಣಿಗೆ ನಿಂತ ಕೋಶಗಳ ಮೇಲೇ ಮಾಡಿ.